ಹನ್ನೆರಡು ಗಂಟೆಯ ಗೂಟ

ನಮ್ಮ ಮಾಲಿನ್ಯ ನಿಯಂತ್ರಣ ಕಚೇರಿಯ ಚಾವಣಿಯ ಮೇಲೆ ಒಂದು ಕೊಳವೆ ಇದೆ. ಅದು ಗಾಳಿ ಎಳೆದುಕೊಂಡು ಕೆಳಗಿನ ಯಂತ್ರಕ್ಕೆ ಕೊಡುತ್ತದೆ. ಗಾಳಿಯಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಯಂತ್ರ ಗೆರೆ ಎಳೆಯುತ್ತದೆ. ಗೆರೆ ಸರ್ರನೆ ಏರಿ ಇಳಿದರೆ ನಾವು ಅದನ್ನು ಗೂಟ ಎನ್ನುತ್ತೇವೆ, ಮೆಲ್ಲಗೆ ಉಬ್ಬಿದರೆ ದಿಬ್ಬ. ಈ ಗೂಟ, ದಿಬ್ಬಗಳನ್ನು ಓದುವುದೇ ನನ್ನ ಕೆಲಸ.

ಎರಡು ವಾರದಿಂದ ಸರಿಯಾಗಿ ಮಧ್ಯಾಹ್ನ ಹನ್ನೆರಡಕ್ಕೆ ಪೈನೀನ್ ಗೆರೆಯಲ್ಲಿ ಗೂಟ ಏಳುತ್ತಿತ್ತು. ಪೈನೀನ್ ಎಂದರೆ ಟರ್ಪೆಂಟೈನ್ ಎಣ್ಣೆಯಲ್ಲಿರುವ ಹೈಡ್ರೋಕಾರ್ಬನ್. ಊರಾಚೆ ಮೇಜು ಕುರ್ಚಿಗಳಿಗೆ ಪಾಲಿಶ್ ಹಾಕುವ ಅಂಗಡಿಯೊಂದಿದೆ. ಅಲ್ಲಿ ಟರ್ಪೆಂಟೈನ್ ಡಬ್ಬಿಗಳು ಬಾಯಿ ತೆರೆಯುವುದು ಬೆಳಗ್ಗೆ ಒಂಬತ್ತಕ್ಕೆ; ಅಲ್ಲಿಂದ ಇಲ್ಲಿಗೆ ಗಾಳಿ ಬರಲು ಮೂರು ಗಂಟೆ. ನಮ್ಮ ಸಾಹೇಬರು ಬೆರಳು ಮಡಿಸಿದರು.

"ಒಂಬತ್ತು, ಮೂರು, ಹನ್ನೆರಡು. ಕಳ್ಳ ಸಿಕ್ಕಿಬಿದ್ದ. ಶುಕ್ರವಾರ ಸಂಜೆ ಅಂಗಡಿಗೆ ಬೀಗ ಹಾಕಿಸ್ತೀನಿ."

"ಸಾರ್, ಅದು ನನ್ನ ಸೋದರಮಾವನ ಅಂಗಡಿ."

"ಹಾಗಿದ್ರೆ ನೀವು ಇದರಲ್ಲಿ ಬಾಯಿ ಹಾಕಬೇಡಿ."

ನಾನು ತಲೆ ತಗ್ಗಿಸಿದೆ. ಅವರ ಬೂಟುಗಳಲ್ಲಿ ನನ್ನ ಸಪ್ಪೆ ಮುಖ ಚೆನ್ನಾಗಿಯೇ ಕಾಣುತ್ತಿತ್ತು.

ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದ್ದು ಈ ಮಾವ. ಅಂಗಡಿ ಮುಚ್ಚಿದರೆ ಅವನಿಗೆ ಬೇರೆ ಕೆಲಸ ಗೊತ್ತಿಲ್ಲ. ಸಂಜೆ ಹೋಗಿ ವಿಷಯ ಹೇಳಿದಾಗ ಕೆಂಡಾಮಂಡಲವಾದ.

"ನನ್ನ ಅಂಗಡಿ ವಾಸನೆ ಗೇಟು ಕೂಡ ದಾಟಲ್ಲ ಕಣೇ! ನಿನ್ನ ಸಾಹೇಬನ ಮೂಗಿಗೇ ಏನೋ ಆಗಿದೆ."

ಅವನ ಹಿಂದೆ ಏಳು ಡಬ್ಬಿಗಳು ಬಾಯಿ ತೆರೆದುಕೊಂಡು ಕೂತಿದ್ದವು. ನಾನು ನೋಡಿಯೂ ನೋಡದಂತೆ ಬಂದೆ.

ಶುಕ್ರವಾರ ಬೆಳಗ್ಗೆ ಹಲ್ಲುಜ್ಜುವಾಗ ಥಟ್ಟನೆ ಹೊಳೆಯಿತು. ಬಿಸಿಲು ಬಿದ್ದ ಗಾಳಿಯಲ್ಲಿ ಹೈಡ್ರಾಕ್ಸಿಲ್ ಎಂಬ ಪುಂಡ ಹುಟ್ಟುತ್ತಾನೆ. ಅವನ ಆಯುಸ್ಸು ಒಂದು ಸೆಕೆಂಡೂ ಇಲ್ಲ, ಆದರೆ ಎದುರಾದ ಹೈಡ್ರೋಕಾರ್ಬನ್ನಿನ ಮೈಮೇಲೆ ಬೀಳದೆ ಬಿಡುವುದಿಲ್ಲ. ಅವನು ಕೆಣಕಿದ ಮೇಲೆ ಆಮ್ಲಜನಕವೂ ಬಂದು ಕೈಜೋಡಿಸುತ್ತದೆ. ಕೊನೆಗೆ ಅಣು ಒಡೆದು ಅಸಿಟೋನ್, ಫಾರ್ಮಾಲ್ಡಿಹೈಡ್‌ಗಳಂಥ ಚೂರುಗಳಾಗುತ್ತದೆ. ಮೂರು ಗಂಟೆ ಬಿಸಿಲಲ್ಲಿ ಬಂದ ಪೈನೀನ್ ಬಹುಪಾಲು ಹೇಳಹೆಸರಿಲ್ಲದಂತಾಗಿರಬೇಕು. ಗೂಟ ಎಂದರೆ ತಾಜಾ ಸರಕು. ಅದು ಇಲ್ಲೇ, ಕೊಳವೆಯ ಬುಡದಲ್ಲೇ ಹುಟ್ಟುತ್ತಿದೆ!

ಹನ್ನೆರಡಾಗುತ್ತಲೇ ಚಾವಣಿ ಹತ್ತಿದೆ. ಕೊಳವೆಯ ಕಟ್ಟೆಯ ಮೇಲೆ ಒಂದು ಕಾಲಿಟ್ಟುಕೊಂಡು, ಸಾಹೇಬರು ಬೂಟಿಗೆ ಪಾಲಿಶ್ ತಿಕ್ಕುತ್ತಿದ್ದರು. ಎರಡು ವಾರದ ಹಿಂದೆ ಹೊಸ ಮೇಲಧಿಕಾರಿ ಬಂದಿದ್ದರು. ಸಾಹೇಬರು ಅವರ ಮುಂದೆ ದಿನಾ ಹನ್ನೆರಡೂವರೆಗೆ ಸಭೆಗೆ ಹಾಜರಾಗಬೇಕಿತ್ತು.

"ಬಿಸಿಲಲ್ಲಿ ಹೊಳಪು ಸರಿಯಾಗಿ ಕಾಣುತ್ತೆ, ಅದಕ್ಕೇ..." ಎಂದು ತಡವರಿಸಿದರು.

ನಾನು ಪಾಲಿಶ್ ಡಬ್ಬಿ ಎತ್ತಿ ಹಿಂಬದಿ ಓದಿದೆ. "ಟರ್ಪೆಂಟೈನ್, ಸಾರ್. ಕಳ್ಳ ಸಿಕ್ಕಿಬಿದ್ದ."

ಸಾಹೇಬರ ಮುಖ ಹರಳೆಣ್ಣೆ ಕುಡಿದಂತಾಯಿತು. ಬೀಗದ ಆದೇಶವನ್ನು ಅಲ್ಲೇ ಜೇಬಿನಿಂದ ತೆಗೆದು ಹರಿದರು. ಅಂದು ಸಭೆಗೆ ಒಂದೇ ಬೂಟು ಮಿಂಚಿಸಿಕೊಂಡು ಹೋದರು.

ಸೋಮವಾರ ಗೂಟ ಮಾಯ. ಖುಷಿಯಲ್ಲಿ ಉಳಿದ ಗೆರೆಗಳನ್ನೂ ತೆರೆದೆ. ಅಲ್ಲಿಯವರೆಗೆ ಮಾವನನ್ನು ಉಳಿಸುವ ಒಂದು ಗೆರೆಯ ಹೊರತು ಬೇರೆ ಯಾವುದನ್ನೂ ನಾನು ನೋಡಿರಲೇ ಇಲ್ಲ. ಅಸಿಟೋನ್, ಫಾರ್ಮಾಲ್ಡಿಹೈಡ್ ಎರಡರಲ್ಲೂ ಹನ್ನೆರಡಕ್ಕೆ ಶುರುವಾಗುವ ಒಂದು ದಿಬ್ಬ. ಹಿಂದಿನ ವಾರಗಳಲ್ಲೂ ಅದೇ ದಿಬ್ಬ. ಮಾವನ ಅಂಗಡಿಗೆ ರಜೆಯಿರುವ ಭಾನುವಾರ ಮಾತ್ರ ಇಲ್ಲ. ನನಗೆ ನಾಚಿಕೆಯಾಯಿತು.

ಗೆರೆಗಳನ್ನು ಸಾಹೇಬರಿಗೆ ತೋರಿಸಿದೆ. ಅವರು ತಮ್ಮ ಮಾಸಿದ ಬೂಟುಗಳನ್ನೊಮ್ಮೆ ನೋಡಿಕೊಂಡರು.

"ಬೀಗ ಬೇಡ, ಮುಚ್ಚಳ ಹಾಕಿಸಿ ಸಾಕು," ಎಂದರು.

ಸಂಜೆ ಮಾವನ ಮುಂದೆ ನಿಂತೆ. "ಮಾವ, ನಿನ್ನ ವಾಸನೆ ಗೇಟು ದಾಟಿದೆ. ಗುರುತು ಸಿಗದ ಹಾಗೆ ಚೂರುಚೂರಾಗಿ ನನ್ನ ಹತ್ರಾನೇ ಬಂದಿದೆ."

ಮಾವ ಬಗ್ಗಿ, ಬೆಂಚಿನ ಕೆಳಗೆ ಮುಚ್ಚಳಗಳನ್ನು ಹುಡುಕತೊಡಗಿದ.

"ನಿನ್ನನ್ನ ಇಷ್ಟೊಂದು ಓದಿಸಬಾರದಿತ್ತು ಕಣೇ," ಎಂದ.