ಪಟಾಕಿಯ ರಕ್ತ

“ಇನ್ನೊಂದ್ಸಲ ಚುಚ್ಚಿ ಅಕ್ಕಾ. ಈ ಕೈಗೆ ಬೇಜಾರಾಗಿದ್ರೆ ಆ ಕೈ ಇದೆ,” ಎಂದು ಪಟಾಕಿ ಅಂಗಿಯ ಇನ್ನೊಂದು ತೋಳನ್ನೂ ಮಡಚಿದ.

ಅಕ್ಕ ನಗಲಿಲ್ಲ. ಆ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷಿಸುವ ಮಿಷನ್ ನೋಡಿಕೊಳ್ಳುವ ಅವಳನ್ನು ಎಲ್ಲರೂ ಕರೆಯುವುದು ಹಾಗೆಯೇ. ಪಟಾಕಿ ಅಲ್ಲಿನ ಅಟೆಂಡರ್. ಬಾಯಿ ತೆರೆದರೆ ಸಿಡಿಯುವ ಮಾತಿಗೆ ಬಂದ ಹೆಸರು ಅದು. ರಕ್ತದ ಅಮೈನೋ ಆಮ್ಲಗಳಿಗೂ, ಮನಸ್ಸಿನ ಮೇಲಿನ ಒತ್ತಡಕ್ಕೂ, ಖಿನ್ನತೆ ಎಷ್ಟು ಆಳಕ್ಕಿಳಿದಿದೆ ಎಂಬುದಕ್ಕೂ ಏನು ನಂಟು ಎಂದು ಅಲ್ಲಿ ಹುಡುಕುತ್ತಿದ್ದರು. ರೋಗಿಗಳ ರಕ್ತ ಹಾಕುವ ಮೊದಲು ಆರೋಗ್ಯವಂತನೊಬ್ಬನ ರಕ್ತ ಹಾಕಿ ಮಿಷನ್ ಸರಿಯಿದೆಯೇ ನೋಡುವುದು ಲ್ಯಾಬಿನ ರೂಢಿ. ಅದು ಯಾವಾಗಲೂ ಪಟಾಕಿಯದೇ. ಇಡೀ ಆಸ್ಪತ್ರೆಯನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುವವನಿಗಿಂತ ಗಟ್ಟಿ ಆಳು ಬೇರೆಲ್ಲಿ ಸಿಗಬೇಕು ಹೇಳಿ!

ಕೆಲವು ವಾರಗಳಿಂದ ಮಿಷನ್ ತೋರಿಸುವ ಅವನ ರಕ್ತದ ಗೆರೆ, ರೋಗಿಗಳ ಗೆರೆಯಂತೆ, ಇಳಿಯುತ್ತಲೇ ಇತ್ತು. ಇಳಿದಾಗಲೆಲ್ಲ ಅಕ್ಕ ಮಿಷನ್ನಿಗೆ ಬೈದಳು, ತೊಳೆದಳು, ಅವನ ಗೆರೆ ಸರಿಯಾಗಿ ಕಾಣುವವರೆಗೆ ಅಳತೆ ಹೊಂದಿಸಿದಳು. ಇವತ್ತು ರಿಪೇರಿಯವನು ಬಂದು ಎಲ್ಲ ಬಿಚ್ಚಿ, ಮತ್ತೆ ಜೋಡಿಸಿ, ಕೈ ಒರೆಸಿಕೊಂಡ.

“ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ. ಮಿಷನ್ ಸರಿಯಾಗೇ ಇದೆ ಮೇಡಂ. ನಾನು ತಂದ ಸ್ಯಾಂಪಲ್ ಸರಿಯಾಗಿ ಓದ್ತು.”

ಅಷ್ಟರಲ್ಲಿ ಒಳಬಂದ ಡಾಕ್ಟರಮ್ಮ ಗೆರೆಯ ಮೇಲೆ ಕಣ್ಣಾಡಿಸಿದರು. “ಒಬ್ಬರ ರಕ್ತ ನೋಡಿ ಏನೂ ಹೇಳೋಕಾಗಲ್ಲ. ಸರಿಯಾಗಿ ಊಟ ಮಾಡದೇ ಇದ್ರೂ ಹೀಗಾಗಬಹುದು. ಬೇರೆ ಯಾರದ್ದಾದ್ರೂ ತಗೊಳ್ಳಿ,” ಎಂದು ಹೊರಟುಹೋದರು.

ಊಟ! ಅಕ್ಕ ತನ್ನ ಮೇಜಿನ ಕಡೆ ತಿರುಗಿದಳು. ಮನೆಯಲ್ಲಿ ಜಾಸ್ತಿ ಮಾಡಿದ್ದಾರೆಂದು ಅವನು ತನ್ನ ಡಬ್ಬಿಯನ್ನು ದಿನಾ ಇವಳ ಮೇಜಿನ ಮೇಲಿಡುತ್ತಿದ್ದ. ಇವಳು ಚಪ್ಪರಿಸಿಕೊಂಡು ತಿಂದಿದ್ದಳು. ಮೊನ್ನೆ ವಾಚ್‌ಮನ್‌ಗೆ ತನ್ನ ಒಳ್ಳೆಯ ಕೊಡೆ ಕೊಟ್ಟ, ನಿನ್ನೆ ಇವಳಿಗೆ ಫ್ಲಾಸ್ಕು. ಯಾಕೋ ಎಂದರೆ, “ಹೋಗೋವಾಗ ಹೊತ್ಕೊಂಡು ಹೋಗ್ತೀನಾ ಅಕ್ಕಾ?” ಎಂದಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಅಯ್ಯೋ, ಎಲ್ಲರಿಗಿಂತ ಜೋರಾಗಿ ನಕ್ಕವಳು ಇವಳೇ.

ಅವನು ಇನ್ನೂ ರೋಗಿಗಳ ಕುರ್ಚಿಯಲ್ಲೇ ಕೂತಿದ್ದ. ಅಕ್ಕ ಸ್ಟೂಲ್ ಎಳೆದುಕೊಂಡು ಎದುರಿಗೆ ಕೂತು, ಅಲ್ಲಿಗೆ ಬಂದವರನ್ನೆಲ್ಲ ಕೇಳುವ ಪ್ರಶ್ನೆಗಳನ್ನೇ ಕೇಳಿದಳು.

“ನಿದ್ದೆ ಬರುತ್ತೇನೋ?”

“ಬರುತ್ತೆ ಅಕ್ಕಾ. ನಾನಿಲ್ಲದಾಗ ಬಂದು ಹೋಗುತ್ತೆ.”

“ಊಟ?”

“ನನ್ನ ಪಾಲಿಂದೂ ನೀವೇ ಮಾಡ್ತಿದ್ದೀರಲ್ಲ.”

“ಬದುಕೇ ಸಾಕು ಅನ್ಸುತ್ತಾ?”

ಬಾಗಿಲಲ್ಲಿ ನಿಂತು ಅವನು ದಿನವೂ ಕೇಳಿಸಿಕೊಳ್ಳುತ್ತಿದ್ದ ಪ್ರಶ್ನೆ ಅದು. ಪಟಾಕಿ ಬಾಯಿ ತೆರೆದ. ಅಕ್ಕ ಕಾದಳು, ಏನಾದರೊಂದು ತಮಾಷೆ ಮಾಡಲಿ ದೇವರೇ ಎಂದುಕೊಂಡಳು. ಅವನು ಮಡಚಿದ್ದ ತೋಳನ್ನು ನಿಧಾನವಾಗಿ ಇಳಿಸಿ ಗುಂಡಿ ಹಾಕಿಕೊಂಡ.

“ಬರ್ತೀನಿ ಅಕ್ಕಾ. ಫ್ಲಾಸ್ಕು ಹುಷಾರು, ಒಳಗೆ ಗಾಜಿದೆ.”

ಅವನು ಏಳುವ ಮೊದಲೇ ಅಕ್ಕ ಅವನ ಮಣಿಕಟ್ಟು ಹಿಡಿದುಕೊಂಡಳು. ಇಷ್ಟು ವರ್ಷ ಚುಚ್ಚಿದ ಕೈಯನ್ನು ಗ್ಲೌಸಿಲ್ಲದೆ ಮುಟ್ಟಿದ್ದು ಇದೇ ಮೊದಲು. ಹೊರಗೆ ರೋಗಿಗಳು ಬಾಗಿಲು ತಟ್ಟತೊಡಗಿದ್ದರು. ಅವಳು “ಡಾಕ್ಟ್ರೇ!” ಎಂದು ಕೂಗಿದಳು, ಇನ್ನೊಮ್ಮೆ ಕೂಗಿದಳು. ತಣ್ಣಗಿದ್ದ ಆ ಕೈ ಬಿಡಿಸಿಕೊಳ್ಳಲಿಲ್ಲ. ಅವಳ ಕೈಯನ್ನು ಹಿಡಿದುಕೊಳ್ಳಲೂ ಇಲ್ಲ.