ಸುರೇಬಾನದಾಗ ನಿಂತ ಮೋಟಾರು

ರಾಮದುರ್ಗದ ವಕೀಲ ದಿಗಂಬರರಾಯರು ಹಳೇ ಮೋಟಾರೊಂದನ್ನು ಕೊಂಡು ಇನ್ನೂ ಮೂರು ತಿಂಗಳಾಗಿರಲಿಲ್ಲ. ಐವತ್ಮೂರನೇ ಇಸವಿ. ಸವದತ್ತಿಯಲ್ಲಿ ಮಗಳ ಕೂಸಿಗೆ ಅಂದು ಸಂಜೆ ಹೆಸರಿಡುವುದಿತ್ತು. “ಬಸ್ಸಿಗೆ ಹೋಗೋಣು” ಎಂದ ಹೆಂಡತಿ ರಾಧಾಬಾಯಿಯ ಮಾತು ಕೇಳದೆ, ರಾಯರು ಮೋಟಾರನ್ನೇ ಹೊರಡಿಸಿದರು.

ದಾರಿ ತುಂಬ ತಗ್ಗು. ಗೇರು ಬದಲಿಸಿದಾಗೊಮ್ಮೆ ಕರಕರ ಸದ್ದು. ಇಂಜಿನ್ನಿಗೆ ನೀರು ಹಾಕಲೆಂದು ಸುರೇಬಾನದಲ್ಲಿ ನಿಲ್ಲಿಸಿದರು, ಅಲ್ಲಿಗೆ ಮುಗಿಯಿತು. ಮತ್ತೆ ಚಾಲೂ ಮಾಡಿದರೆ ಇಂಜಿನ್ನು ಚಂದಾಗಿ ಓಡುತ್ತಿತ್ತು. ಗೇರಿಗೆ ಹಾಕಿದ ಕೂಡಲೆ ಮೋಟಾರು ಒಮ್ಮೆ ಮುಂದಕ್ಕೆ ಜಿಗಿದು ಗಪ್ಪಾಗುತ್ತಿತ್ತು. ಐದು ಸಲ ಹೀಗೇ ಆಯಿತು.

“ಪೆಟ್ರೋಲಿನ್ಯಾಗ ನೀರು ಬೆರೆಸ್ಯಾರ,” ಎಂದು ರಾಯರು ತೀರ್ಪು ಕೊಟ್ಟರು. ಒಂದು ನಳಿಗೆ ಬಿಚ್ಚಿ, ಬಾಯಿಂದ ಊದಿ, ಮೀಸೆಯೆಲ್ಲ ಎಣ್ಣೆ ಮಾಡಿಕೊಂಡು ಮತ್ತೆ ಜೋಡಿಸಿದರು. ಆರನೇ ಸಲವೂ ಗಪ್ಪು.

ಮೋಟಾರು ನಿಂತದ್ದು ನಿಜಗುಣಪ್ಪನ ಹಿಟ್ಟಿನ ಗಿರಣಿಯ ಮುಂದೆ. ಗಿರಣಿಯಲ್ಲಿ ಕಾಳು ತೂಗುವುದು ನಿಜಗುಣಪ್ಪನ ಕೆಲಸ. ಇಂಜಿನ್ನು ನಡೆಸುವುದು ಅವನ ಹೆಂಡತಿ ದೇವಕ್ಕನದು. ಹುಬ್ಬಿನ ತನಕ ಹಿಟ್ಟು ಮೆತ್ತಿಕೊಂಡಿದ್ದ ಅವಳು ಹೊರಗೆ ಬಂದು ನಿಂತು ಕೇಳಿಸಿಕೊಂಡಳು.

“ಇಂಜಿನ್ನಿಗೆ ಏನೂ ಆಗಿಲ್ರಿ ಸಾಹೇಬ್ರ. ಬರೇ ಓಡುವಾಗ ಆರಾಮ ಐತಿ, ಹೊರಿ ಬಿದ್ದ ಕೂಡಲೆ ಸಾಯಾಕ ಹತ್ತೈತಿ. ನಮ್ಮ ಗಿರಣ್ಯಾಗ ಇಂಜಿನ್ನಿನ ಪಟ್ಟಾ ಬೀಸೂ ಕಲ್ಲಿಗೆ ಒಮ್ಮೆಲೆ ಏರಿದ್ರ ಹಿಂಗ ಆಗತೈತಿ. ಪಟ್ಟಾ ಬಿಡಿಸೂದು ಇದರಾಗ ಯಾವುದರಿ?”

“ಎಡಗಾಲಿನ ಕ್ಲಚ್ಚು. ನಾ ಪೂರಾ ಒತ್ತೇ ಗೇರು ಹಾಕೀನಿ.”

“ನೀವು ಒತ್ತೀರಿ, ಖರೆ. ಒಳಗ ಬಿಟ್ಟೈತೋ ಇಲ್ಲೋ ನೋಡಬೇಕಲ್ರಿ.”

ಇಂಜಿನ್ನು ಬಂದ್ ಮಾಡಿಸಿ, ಗೇರಿಗೆ ಹಾಕಿಸಿ, ಕ್ಲಚ್ಚು ಒತ್ತಿ ಹಿಡಿಯಲು ಹೇಳಿದಳು. ಜೋಳ ಬೀಸಲು ಬಂದಿದ್ದ ನಾಲ್ವರು ಗಂಡಸರು ದೂಡಿದರು. ಮೋಟಾರು ಕದಲಲಿಲ್ಲ. ಗೇರು ತೆಗೆಸಿದಳು, ಒಬ್ಬನೇ ದೂಡಿದರೂ ಸರಿಯಿತು.

“ನೋಡ್ರಿ, ಒತ್ತಿದ್ರೂ ಬಿಡವಲ್ದು!” ಎಂದವಳೇ ಚೀಲ ಹಾಸಿ ಮೋಟಾರಿನ ಕೆಳಗೆ ನುಸುಳಿದಳು.

ಕೆಳಗೆ ಏನು ನಡೆದಿದೆ ಎಂಬ ಕುತೂಹಲಕ್ಕೆ ರಾಯರೂ ಇಳಿದು ಮಣ್ಣಿನಲ್ಲಿ ಬೋರಲಾದರು. ಪೆಡಲ್ ಒತ್ತುವವರು ಬೇಕಾಯಿತು. ರಾಧಾಬಾಯಿ ಸೆರಗು ಸಿಕ್ಕಿಸಿಕೊಂಡು ಗಂಡನ ಜಾಗದಲ್ಲಿ ಕೂತರು.

“ಒತ್ರಿ ಬಾಯಾರ!”

“ಒತ್ತೀನಿ!”

“ಬಿಡ್ರಿ!”

“ಬಿಟ್ಟೆ!”

ನಾಲ್ಕನೇ ಸಲಕ್ಕೆ ಇಬ್ಬರು ಹೆಂಗಸರಿಗೂ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ದೇವಕ್ಕನಿಗೆ ಸಿಕ್ಕಿತ್ತು. ಪೆಡಲಿನಿಂದ ಬರುವ ಸರಳಿನ ತುದಿಯ ನಟ್ಟು ತಗ್ಗುದಾರಿಯ ಕುಲುಕಾಟಕ್ಕೆ ಸಡಿಲಾಗಿ ಹಿಂದೆ ಸರಿದಿತ್ತು. ಸರಳು ಗೇಣುದ್ದ ಬಂದರೂ ಅದರ ಮುಂದಿನ ಕ್ಲಚ್ಚಿನ ಹಿಡಿಕೆ ಕೂದಲೆಳೆಯಷ್ಟೂ ಅಲ್ಲಾಡುತ್ತಿರಲಿಲ್ಲ. ಗಿರಣಿಯಿಂದ ಪಾನಾ ತರಿಸಿ ನಟ್ಟು ಬಿಗಿದಳು.

“ಈಗ ಪೆಡಲ್ ಬಿರುಸಾತು!” ರಾಧಾಬಾಯಿ ಕೂಗಿದರು.

ದೇವಕ್ಕ, ರಾಯರು ಹೊರಬಂದು, ಗೇರಿಗೆ ಹಾಕಿ, ರಾಧಾಬಾಯಿಗೆ ಕ್ಲಚ್ಚು ಒತ್ತಿ ಹಿಡಿಯಲು ಹೇಳಿ ಮತ್ತೆ ದೂಡಿಸಿದರು. ಮೋಟಾರು ಮುಂದಿನ ಇಳಿಜಾರಿಗೆ ಬಿದ್ದು ಸರಸರ ಹೊರಟೇಬಿಟ್ಟಿತು. ಒಳಗೆ ಒಬ್ಬರೇ ಇದ್ದ ರಾಧಾಬಾಯಿ ಚಕ್ರ ತಬ್ಬಿಕೊಂಡು ಚೀರಿದರು. ಮುಂದೆ ಬೇವಿನ ಮರ.

“ಕಾಲು ತಗೀ! ಎಡಗಾಲು ತಗೀ!” ರಾಯರು ಧೋತರ ಎತ್ತಿಕೊಂಡು ಹಿಂದೆ ಓಡಿದರು.

ಕಾಲು ತೆಗೆದದ್ದೇ ತಡ, ಮೋಟಾರು ಗಕ್ಕನೆ ನಿಂತಿತು.

“ಬಿಡೂದೂ ಆತು, ಹಿಡಿಯೂದೂ ಆತು!” ದೇವಕ್ಕ ಚಪ್ಪಾಳೆ ತಟ್ಟಿದಳು.

ರಾಯರು ಕೂತು ಚಾಲೂ ಮಾಡಿ, ಉಸಿರು ಹಿಡಿದು ಗೇರು ಹಾಕಿದರು. ಮೋಟಾರು ಹಗುರಾಗಿ ಮುಂದೆ ಸರಿಯಿತು.

“ದೇವಕ್ಕ, ನಿನಗ ಏನು ಬೇಕು ಹೇಳವಾ.”

“ಹಳ್ಳದ ತನಕಾ ಕುಂಡ್ರಿಸಿಕೊಂಡು ಹೋಗಿ ಬರ್ರಿ. ನಾ ಒಮ್ಮಿನೂ ಮೋಟಾರ ಹತ್ತಿಲ್ಲ.”

ರಾಧಾಬಾಯಿ ತಾವೇ ಹಿಂದೆ ಸರಿದು ಅವಳನ್ನು ಮುಂದೆ ಕೂರಿಸಿದರು. ಹೋಗಿಬರುವಷ್ಟು ಹೊತ್ತೂ ದೇವಕ್ಕ ಗಿಡ ನೋಡಲಿಲ್ಲ, ಹೊಲ ನೋಡಲಿಲ್ಲ. ರಾಯರ ಎಡಗಾಲನ್ನೇ ನೋಡುತ್ತಿದ್ದಳು. ಇಳಿಯುವಾಗ, “ದಡಕ್ಕನ ಬಿಡಬ್ಯಾಡ್ರಿ, ಸಾವಕಾಶ ಬಿಡ್ರಿ,” ಎಂದಳು. ರಾಯರು ತಲೆಯಾಡಿಸಿದರು.

ಸವದತ್ತಿ ಮುಟ್ಟಿದಾಗ ಇನ್ನೂ ಹೊತ್ತಿತ್ತು. ಬಾಗಿಲಿಗೆ ಬಂದ ಮಗಳು, “ಇದೇನವ್ವಾ, ಅಪ್ಪನ ಮೈಯೆಲ್ಲ ಮಣ್ಣು?” ಎಂದಳು.

“ಕೂಸಿನ್ನ ಕೊಡು ಮೊದಲ, ಹೇಳತೀನಿ,” ಎಂದ ರಾಧಾಬಾಯಿ ಮೊಮ್ಮಗಳನ್ನೆತ್ತಿಕೊಂಡು, ಹೊಸ್ತಿಲಲ್ಲಿ ನಿಂತೇ, ತಾವು ಮೋಟಾರು ನಡೆಸಿದ್ದನ್ನು ಹೇಳಲು ಸುರು ಮಾಡಿದರು.