ಗೂಬೆ ನೋಡಲು ಹೋದವರು

ಹಲ್ಲಿನ ಕ್ಲಿನಿಕ್ಕಿನ ರಿಸೆಪ್ಷನ್ ಮೇಜಿನ ಹಿಂದೆ ಕೂತು ಕೂತು ಅವಳ ನಾಲಿಗೆಗೆ ‘ಸಾರಿ’ ಎನ್ನುವುದು ನೀರು ಕುಡಿದಷ್ಟು ಸಲೀಸಾಗಿತ್ತು. ಡಾಕ್ಟರು ತಡವಾಗಿ ಬಂದರೂ ಸಾರಿ, ರೋಗಿ ತಡವಾಗಿ ಬಂದರೂ ಸಾರಿ, ತಲೆ ಮೇಲಿನ ಫ್ಯಾನು ಕಿರ್ರೆಂದರೂ ಸಾರಿ. ಮಗಳ ವಿಷಯದಲ್ಲಂತೂ ಆ ಮಾತು ಅವಳಿಗಿಂತ ಮುಂಚೆ ಹೋಗಿ ಬಾಗಿಲು ತಟ್ಟುತ್ತಿತ್ತು.

ಮಗಳಿಗೆ ಹತ್ತು ವರ್ಷ. ಕೆಲವು ವರ್ಷದಿಂದ ಅವಳ ಗಂಟಲಿನಿಂದ ಅವಳನ್ನು ಕೇಳದೆಯೇ ಒಂದು ಸದ್ದು ಹೊರಡುತ್ತದೆ. ಕತ್ತು ಒಮ್ಮೆ ಎಡಕ್ಕೆ ಜಗ್ಗುತ್ತದೆ, ಹಿಂದೆಯೇ ‘ಹೂಪ್!’ ಸೀನು ತಡೆದ ಹಾಗೆ ಸ್ವಲ್ಪ ಹೊತ್ತು ತಡೆಯಬಹುದು. ತಡೆದಷ್ಟೂ ಆಮೇಲೆ ಬಡ್ಡಿ ಸಮೇತ ಬರುತ್ತದೆ. ‘ಇದು ಹಟ ಅಲ್ಲ, ಬೇಕಂತ ಮಾಡೋದೂ ಅಲ್ಲ. ಗಮನ ಕೊಡದೆ ಇದ್ದುಬಿಡಿ’ ಎಂದಿದ್ದರು ನರರೋಗದ ತಜ್ಞೆ. ತಾಯಿ ಇದ್ದುಬಿಟ್ಟಾಳು, ಊರು ಇದ್ದೀತೇ? ಬಸ್ಸು ಹತ್ತಿದರೂ ಸಿನಿಮಾಕ್ಕೆ ಹೋದರೂ ಅಕ್ಕಪಕ್ಕದವರಿಗೆ ಅವಳು ಮೊದಲೇ ಹೇಳಿಬಿಡುತ್ತಿದ್ದಳು: ‘ಸಾರಿ, ನಮ್ಮ ಹುಡುಗಿ ಸ್ವಲ್ಪ ಸದ್ದು ಮಾಡ್ತಾಳೆ.’

ಕ್ಲಿನಿಕ್ಕಿನ ಡಾಕ್ಟರಿಗೆ ಹಕ್ಕಿಗಳ ಹುಚ್ಚು. ರಜೆ ಬಂದರೆ ಗುಂಪು ಕಟ್ಟಿಕೊಂಡು ಊರಾಚೆಯ ಬಂಡೆಗಳ ಬಯಲಿಗೆ ಹೊರಟುಬಿಡುತ್ತಾರೆ. ಅಲ್ಲೊಂದು ಬಂಡೆಯ ಸಂದಿಯಲ್ಲಿ ಕೊಂಬಿನ ಗೂಬೆ ಬಿಡಾರ ಹೂಡಿದೆ ಎಂದು ಅವರು ಹೇಳಿದ್ದು ಕ್ಲಿನಿಕ್ಕಿನ ಬೆಂಚಿನಲ್ಲಿ ಹೋಂವರ್ಕ್ ಬರೆಯುತ್ತಿದ್ದ ಮಗಳ ಕಿವಿಗೆ ಬಿತ್ತು. ಅಲ್ಲಿಂದ ಏಳುತ್ತಾ ಗೂಬೆ, ಕೂರುತ್ತಾ ಗೂಬೆ. ತಾಯಿ ಡಾಕ್ಟರನ್ನು ಕೇಳಿದಳು. ಅವರು ‘ಬನ್ನಿ’ ಎಂದರು.

ಭಾನುವಾರ ಬೆಳಗ್ಗೆ ವ್ಯಾನಿನಲ್ಲಿ ಇಬ್ಬರಿಗೂ ಹಿಂದಿನ ಸೀಟು. ಪಕ್ಕದಲ್ಲಿ ಊರುಗೋಲು ಹಿಡಿದ ಡಾಕ್ಟರ ಅಕ್ಕ.

‘ನನಗೆ ಹಕ್ಕಿಗಿಕ್ಕಿ ಬೇಡಮ್ಮಾ’ ಎಂದರು ಅಕ್ಕ. ‘ನಾನು ಕನ್ನಡಕ ಹುಡುಕೋ ಹೊತ್ತಿಗೆ ಹಾರಿಹೋಗಿರುತ್ತೆ. ಬಂಡೆ ವಾಸಿ. ನಾನು ಬರೋವರೆಗೂ ಅಲ್ಲೇ ಬಿದ್ದಿರುತ್ತೆ.’

ಮಗಳು ಕಿಸಕ್ಕನೆ ನಕ್ಕಳು. ನಗುವಿನ ಬಾಲಕ್ಕೇ ಒಂದು ‘ಹೂಪ್!’ ಬಂತು. ಮುಂದಿನ ಸೀಟಿನಲ್ಲಿ ಮಾರುದ್ದದ ಕ್ಯಾಮೆರಾವನ್ನು ಕೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡಿದ್ದ ಔಷಧಿ ಅಂಗಡಿಯವನು ತಿರುಗಿ ನೋಡಿದ. ‘ಸಾರಿ’ ಎಂದಳು ತಾಯಿ.

ಬಯಲು ಬಂತು. ಯಾರೋ ಆಟವಾಡುತ್ತಾ ಅರ್ಧಕ್ಕೇ ಎದ್ದುಹೋದಂತೆ ಬಂಡೆಗಳು ಬಿದ್ದಿದ್ದವು. ಒಂದು ಬಂಡೆ ಹೋಳು ಮಾಡಿದ ಬ್ರೆಡ್ಡಿನಂತೆ. ಒಂದಕ್ಕೆ ನಡುವೆ ತೂತು, ಆ ತೂತಿನ ತುಂಬ ಆಕಾಶ. ಇನ್ನೊಂದಕ್ಕೆ ಸಣ್ಣ ಕತ್ತಿನ ಮೇಲೆ ಭಾರೀ ತಲೆ, ಈಗ ಬೀಳುತ್ತೇನೆ ಆಗ ಬೀಳುತ್ತೇನೆ ಎಂದು ಹೆದರಿಸುತ್ತಾ ನಿಂತದ್ದು. ಅದರ ಹೆಸರೇ ಕೊಡೆಬಂಡೆ. ಮಗಳು ಕಂಡ ಬಂಡೆಯನ್ನೆಲ್ಲ ಮುಟ್ಟಿ ಮುಟ್ಟಿ ಬಂದಳು. ಪೊದೆಯಲ್ಲಿದ್ದ ಪುಟ್ಟ ಹಕ್ಕಿಗಳು ಎರಡು ಸಲ ಅವಳ ಸದ್ದಿಗೆ ಬುರ್ರೆಂದವು. ಔಷಧಿ ಅಂಗಡಿಯವನು ಎರಡು ಸಲವೂ ಹಲ್ಲು ಕಡಿದ.

ಗೂಬೆಯ ಬಂಡೆಗೆ ಇನ್ನೊಂದೇ ತಿರುವು. ಡಾಕ್ಟರು ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದರು. ತಾಯಿಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ, ‘ಇನ್ನು ನೀವಿಬ್ಬರು ವ್ಯಾನ್ ಹತ್ರ ಹೋಗಿರಿ. ಅರ್ಧ ಗಂಟೆ ಅಷ್ಟೆ, ನಾವು ಬಂದ್ಬಿಡ್ತೀವಿ’ ಎಂದರು.

‘ಅಲ್ಲ ಡಾಕ್ಟ್ರೇ, ಅವಳು ಬಂದಿದ್ದೇ ಗೂಬೆ ನೋಡೋಕೆ.’

‘ನೀವೇ ಫೋನ್ ಮಾಡಿ ಹೇಳಿದ್ರಲ್ಲಮ್ಮಾ? ತೊಂದ್ರೆ ಆದ್ರೆ ನಾವು ವ್ಯಾನಲ್ಲಿ ಕೂತಿರ್ತೀವಿ ಅಂತ. ನಾನೇನು ಕೇಳಿದ್ನಾ?’

ನಿಜ. ಅವರು ಕೇಳಿರಲಿಲ್ಲ. ಬನ್ನಿ ಎಂದವರಿಗೆ ಅವಳೇ ರಾತ್ರಿ ಅಡುಗೆಮನೆಯಿಂದ ಫೋನು ಮಾಡಿ, ಕೇಳದ ಮಾತಿಗೆ ಮಾತು ಕೊಟ್ಟಿದ್ದಳು. ರೋಗಿ ಬಾಯಿ ತೆರೆಯುವ ಮೊದಲೇ ಸಾರಿ ಎನ್ನುವ ಆ ಮೇಜಿನ ಚಾಳಿ ಅದು.

ಮಗಳು ತಾಯಿಯನ್ನೇ ನೋಡುತ್ತಿದ್ದಳು. ‘ನೀನು ಹಂಗಂದ್ಯಾ ಅಮ್ಮಾ?’

ಇಲ್ಲ ಎಂದುಬಿಡಬಹುದಿತ್ತು. ಆದರೆ ಆ ಕಣ್ಣಿಗೆ ಸುಳ್ಳು ಹೇಳಲಾಗಲಿಲ್ಲ. ‘ಹೂಂ ಮರಿ, ಅಂದೆ. ತಪ್ಪು ಮಾಡ್ದೆ.’

ಮಗಳು ವ್ಯಾನಿನ ಕಡೆಗೆ ತಿರುಗಿ ನಡೆಯತೊಡಗಿದಳು. ಅಳಲಿಲ್ಲ, ಕಾಲು ಅಪ್ಪಳಿಸಲಿಲ್ಲ. ಬಸ್ಸಿನಿಂದ, ಸಿನಿಮಾದಿಂದ ಹೀಗೆ ಹೊರಗೆ ಹೋಗುವುದು ಅವಳಿಗೆ ಅಷ್ಟು ಚೆನ್ನಾಗಿ ರೂಢಿಯಾಗಿತ್ತು.

‘ಮರೀ, ನಿಲ್ಲು. ವಾಪಸ್ ಬಾ.’ ಅವಳು ಡಾಕ್ಟರ ಕಡೆ ತಿರುಗಿದಳು. ‘ನಾನು ಕೊಟ್ಟ ಮಾತು, ನಾನೇ ವಾಪಸ್ ತಗೋತಿದೀನಿ. ನಾವು ವ್ಯಾನಿಗೆ ಹೋಗಲ್ಲ.’

‘ಗೂಬೆ ಹಾರಿಹೋಗುತ್ತೆ ಕಣ್ರೀ!’ ಎಂದ ಔಷಧಿ ಅಂಗಡಿಯವನು. ‘ಆ ಹುಡುಗಿ ಬಾಯಿ ಮುಚ್ಕೊಂಡಿದ್ರೆ ಸರಿ…’

‘ಮುಚ್ಕೊಳ್ಳಲ್ಲ. ಹಾರಿದ್ರೆ ಹಾರ್ಲಿ. ನೀವೇನು ಅದನ್ನ ದುಡ್ಡು ಕೊಟ್ಟು ಕೂರಿಸಿದ್ರಾ?’

‘ನೋಡೀಮ್ಮಾ, ಇಷ್ಟು ಜನ…’ ಎಂದು ಡಾಕ್ಟರು ಶುರುಮಾಡಿದರು.

‘ಇಷ್ಟು ಜನರಲ್ಲಿ ನನ್ನ ಮಗಳೂ ಒಬ್ಳು ಡಾಕ್ಟ್ರೇ.’

‘ಸುಮ್ನಿರೋ’ ಎಂದರು ಅಕ್ಕ, ತಮ್ಮನಿಗೆ. ‘ವಾರವೆಲ್ಲ ಬಾಯಿ ತೆಗಿ ಅಂತೀಯ, ಭಾನುವಾರ ಬಾಯಿ ಮುಚ್ಚು ಅಂತೀಯ. ಮಗು ಯಾವುದನ್ನ ಕೇಳಬೇಕು?’

ಯಾರೋ ಫಕ್ಕನೆ ನಕ್ಕರು. ಡಾಕ್ಟರ ಮುಖ ಕೆಂಪಾಯಿತು. ‘ಇದನ್ನ ನಾಳೆ ಕ್ಲಿನಿಕ್ಕಲ್ಲಿ ಮಾತಾಡೋಣ’ ಎಂದು ಮುಂದೆ ನಡೆದರು. ನಾಳೆ ಎಂದರೆ ಏನೆಂದು ಅವಳಿಗೆ ಗೊತ್ತಿತ್ತು. ಆ ಮೇಜಿಗೆ ಬೇರೆ ಜನ ಸಿಗುತ್ತಾರೆ. ಆದರೂ ಮಗಳ ಕೈ ಹಿಡಿದು ಅವರ ಹಿಂದೆಯೇ ಹೊರಟಳು.

ತಿರುವಿನಾಚೆ ಎತ್ತರದ ಬಂಡೆಯ ಸಂದಿಯಲ್ಲಿ ಗೂಬೆ ಕೂತಿತ್ತು, ಕಲ್ಲಿಗೇ ಕಣ್ಣು ಮೂಡಿದಂತೆ. ಮಗಳು ಉಸಿರು ಬಿಗಿಹಿಡಿದಳು. ಮುಖ ಊದಿಕೊಂಡಿತು, ಕತ್ತಿನ ನರ ಸೆಟೆದುಕೊಂಡಿತು, ಎರಡೂ ಕೈ ಬಾಯಿಗೆ ಹೋದವು. ತಡೆಯಲು ಪಾಡುಪಡುತ್ತಾ ಅವಳು ಗೂಬೆಯನ್ನು ನೋಡುತ್ತಲೇ ಇರಲಿಲ್ಲ.

ತಾಯಿ ಮಂಡಿಯೂರಿ ಆ ಕೈಗಳನ್ನು ಬಾಯಿಂದ ಮೆಲ್ಲಗೆ ಬಿಡಿಸಿದಳು. ‘ತಡೀಬೇಡ ಬಂಗಾರ. ನೋಡು. ನೀನು ನೋಡೋದೊಂದೇ ಕೆಲಸ.’

‘ಹೂಪ್!’

ಗೂಬೆ ತಲೆಯನ್ನಷ್ಟೇ ಇತ್ತ ತಿರುಗಿಸಿತು. ಅರಿಸಿನದಂಥ ಎರಡು ಕಣ್ಣು ಹುಡುಗಿಯ ಮೇಲೆ ನಿಂತವು. ಹುಡುಗಿ ಬಿಟ್ಟ ಕಣ್ಣು ಬಿಟ್ಟಂತೆ ನಿಂತಳು. ಆಮೇಲೆ ತಡೆಹಿಡಿದಿದ್ದದ್ದೆಲ್ಲ ಒಟ್ಟಿಗೇ ಬಂತು. ‘ಹೂಪ್! ಹೂಪ್! ಹೂಪ್!’ ಗೂಬೆ ಕಲ್ಲು ಬಿಟ್ಟೆದ್ದು ಎಲ್ಲರ ತಲೆಯ ಮೇಲಿಂದಲೇ ಹಾದು ಬಯಲಿನಾಚೆ ಹೋಯಿತು.

‘ಹೋಯ್ತು! ಲೆನ್ಸ್ ಸರಿಮಾಡ್ಕೊಳ್ಳೋಕೂ ಬಿಡ್ಲಿಲ್ಲ’ ಎಂದು ಔಷಧಿ ಅಂಗಡಿಯವನು ಕೂಗಿದ.

‘ಅಮ್ಮಾ, ಅಷ್ಟು ದೊಡ್ಡ ರೆಕ್ಕೆ, ಒಂಚೂರೂ ಸದ್ದಿಲ್ಲ!’ ಮಗಳ ಮುಖದಲ್ಲಿ ಬೇರೆ ಯಾರೂ ಇರಲಿಲ್ಲ, ಬರೀ ಗೂಬೆ ಇತ್ತು.

ಎಲ್ಲರೂ ತಾಯಿಯನ್ನು ನೋಡುತ್ತಿದ್ದರು. ಡಾಕ್ಟರೂ ಕಾಯುತ್ತಿದ್ದರು. ಅವರು ಕಾಯುತ್ತಿದ್ದ ಮಾತು ನಾಲಿಗೆಯ ತುದಿಗೆ ಬಂದೂ ಬಿಟ್ಟಿತ್ತು. ಅವಳು ಹಲ್ಲು ಬಿಗಿದು ಅದನ್ನು ಅಲ್ಲೇ ನಿಲ್ಲಿಸಿದಳು.

‘ನಾನೂ ನೋಡ್ದೆ ಮರಿ’ ಎಂದಳು. ‘ನಡಿ, ಕೊಡೆಬಂಡೆ ಕೆಳಗೆ ಕೂತು ಬುತ್ತಿ ಬಿಚ್ಚೋಣ. ಅಕ್ಕಾ, ನೀವೂ ಬನ್ನಿ.’

ಮೂವರೂ ಗುಂಪನ್ನು ದಾಟಿ, ಬಂದ ದಾರಿ ಹಿಡಿದು ನಡೆದರು. ಹುಡುಗಿ ಎರಡೂ ತೋಳು ಚಾಚಿ ಸದ್ದಿಲ್ಲದ ರೆಕ್ಕೆ ಬೀಸುತ್ತಾ, ನಡುನಡುವೆ ‘ಹೂಪ್’ ಎನ್ನುತ್ತಾ ಹೋಗುತ್ತಿದ್ದಳು. ಯಾರು ನೋಡಿದರು, ಯಾರು ಮುಖ ಸಿಂಡರಿಸಿದರು ಎಂದು ತಾಯಿ ತಿರುಗಿ ನೋಡಲಿಲ್ಲ.